ಅಗಸಿಯಿಂದ ಹುಣಸೆಮರದವರೆಗೆ

ಕೊಟ್ಟೂರಿನ ಬೀರಲಿಂಗೇಶನ ಗ್ಯಾರೇಜಿನ ಮುಂದೆ, ಯಾವುದೋ ಕಾರಿನಿಂದ ಕಿತ್ತು ತಂದು ಬೇವಿನ ಮರದ ಬುಡಕ್ಕೆ ಹಾಕಿದ್ದ ಹಿಂಬದಿಯ ಸೀಟಿನ ಮೇಲೆ ಸಂಜೀವ ಕುಳಿತಿದ್ದ. ತನ್ನ ಕಾರಿನ ಕೆಳಗಿನಿಂದ ಹೊರಚಾಚಿದ್ದ ಎರಡು ಕಾಲುಗಳನ್ನು ನೋಡುತ್ತಿದ್ದಂತೆ, ಈಗಲೂ ಎದ್ದುಹೋಗಿ ‘ಬೇಡ ಬಿಡು, ಇದ್ದ ಹಾಗೆಯೇ ಇರಲಿ’ ಎಂದು ಹೇಳಿಬಿಡಬಹುದಲ್ಲ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ಕೆಟ್ಟದ್ದನ್ನು ಸರಿಪಡಿಸುವುದಕ್ಕೆ ಹಿಂಜರಿಯುವ ಮನುಷ್ಯ ಯಾವ ಮುಖ ಹೊತ್ತು ತರಗತಿಯಲ್ಲಿ ಮಕ್ಕಳ ಎದುರು ನಿಲ್ಲಬೇಕು? ಹಗರಿಬೊಮ್ಮನಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಅವನು ಪ್ರತಿ ವರ್ಷವೂ ಸಂವಿಧಾನದ ಪಾಠದಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸುವ ಹದಿನೇಳನೆಯ ವಿಧಿಗೆ ಬಂದಾಗ ಪುಸ್ತಕವನ್ನು ಮುಚ್ಚಿ ಮೇಜಿನ ಮೇಲಿಟ್ಟು, ಕೈಕಟ್ಟಿ ನಿಂತು, ಅದನ್ನು ಬಾಯಿಪಾಠವಾಗಿ ಹೇಳುತ್ತಿದ್ದ. ಆ ಹೊತ್ತು ತನ್ನ ಧ್ವನಿ ತನಗೇ ಹೊಸದಾಗಿ ಕೇಳಿಸುತ್ತಿತ್ತು. ಬೆಳಿಗ್ಗೆ ಬುದ್ಧನ ಪಟದ ಮುಂದೆ ಪಂಚಶೀಲಗಳನ್ನು ಹೇಳಿಕೊಳ್ಳುವಾಗ ಮಾತ್ರ ಇತ್ತೀಚೆಗೆ ನಾಲ್ಕನೆಯದಕ್ಕೆ, ಸುಳ್ಳಾಡುವುದಿಲ್ಲ ಎನ್ನುವ ಆ ಶೀಲಕ್ಕೆ ಬರುತ್ತಲೇ, ನಾಲಿಗೆ ಒಂದು ಕ್ಷಣ ತಡೆದು, ಹಳೆಯ ಗೇರಿನ ಹಾಗೆ ತನ್ನ ಜಾಗವನ್ನು ಹುಡುಕುತ್ತಿತ್ತು.

ಕಾರು ಹಳೆಯದು, ಮಗಳು ಪ್ರಿಯಾಳಿಗಿಂತಲೂ ದೊಡ್ಡದು. ಅದರ ಗೇರಿನ ಕೋಲು ಯಾವ ಕಾಲಕ್ಕೆ ತನ್ನ ಬಿಗಿಯನ್ನು ಕಳೆದುಕೊಂಡಿತ್ತೋ, ಸಂಜೀವನ ಕೈಗೆ ಬರುವಷ್ಟರಲ್ಲಿ ಎತ್ತ ತಳ್ಳಿದರೆ ಅತ್ತ ವಾಲುವ ಸ್ಥಿತಿಗೆ ಬಂದಿತ್ತು. ಓಡುತ್ತಿರುವಾಗ ಹೇಗೋ ನಡೆಯುತ್ತಿತ್ತು. ಒಮ್ಮೆ ನಿಂತರೆ ಮಾತ್ರ ಮೊದಲನೆಯ ಗೇರು ಸಿಗುವುದೇ ಕಷ್ಟ. ಮೊದಲನೆಯದೆಂದು ಹಾಕಿದರೆ ಮೂರನೆಯದಕ್ಕೆ ಹೋಗಿ ಕೂಡುತ್ತಿತ್ತು, ಇಲ್ಲವೆ ಎಲ್ಲಿಯೂ ಕೂಡದೆ ಗರಗರನೆ ಹಲ್ಲು ಕಡಿಯುತ್ತಿತ್ತು. ಹಿಂದಿನ ಗೇರನ್ನಂತೂ ಅವನು ಮರೆತೇಬಿಟ್ಟಿದ್ದ. ಹಿಂದಕ್ಕೆ ಹೋಗಬೇಕಾಗದಂಥ ಜಾಗ ನೋಡಿಯೇ ಗಾಡಿ ನಿಲ್ಲಿಸುತ್ತಿದ್ದ. ಬೀರಲಿಂಗೇಶ ಕೆಳಗಿನಿಂದ ತೆವಳಿ ಈಚೆ ಬಂದು, ಎಣ್ಣೆಗೆ ಕಪ್ಪಾಗಿದ್ದ ಅಂಗೈಯಲ್ಲಿ ಎರಡು ಪ್ಲಾಸ್ಟಿಕ್ಕಿನ ಬಳೆಗಳನ್ನು ತೋರಿಸಿದ. ಒಂದು ಕಾಲಕ್ಕೆ ದುಂಡಗಿದ್ದಿರಬೇಕಾದ ಬುಷ್‌ಗಳು ಒಂದೇ ಕಡೆಗೆ ತಿಂದುಹೋಗಿ ಹುಣಸೆಬೀಜದಷ್ಟು ಸೊಟ್ಟಗಾಗಿದ್ದವು.

“ಒಳಗ ಏನೂ ಆಗಿಲ್ರಿ ಸಾರ್. ಬಾಕ್ಸು ಗಟ್ಟಿ ಐತಿ. ಕೋಲಿಗೂ ಬಾಕ್ಸಿಗೂ ನಡುವಿನ ಕೀಲು ಸವದಾವ, ಅಷ್ಟ. ಹೆಂಗ ಓಡ್ಸಿದ್ರಿ ಇಷ್ಟ ದಿನ? ಇದೇನು ಗೇರೋ, ಅಂಬಲಿ ತಿರುವೋ ಕೋಲೋ?”

ಅವನು ನಕ್ಕ. ಎದುರಿನ ಟೈರಿನ ಅಂಗಡಿಯವನೂ ನಕ್ಕ. ಸಂಜೀವನೂ ನಗಬೇಕಾಯಿತು. ಆದರೆ ‘ಒಳಗ ಏನೂ ಆಗಿಲ್ಲ’ ಎನ್ನುವ ಮಾತು ಅವನಿಗೆ ನೆಮ್ಮದಿಯನ್ನು ಕೊಡಲಿಲ್ಲ. ಒಳಗೆ ಏನೋ ಮುರಿದಿದ್ದರೆ, ದುರಸ್ತಿ ಆಗದಂಥದ್ದು ಏನೋ ಆಗಿದ್ದರೆ, ಇಷ್ಟು ದಿನ ನಡೆದುಕೊಂಡು ಬಂದದ್ದಕ್ಕೆ ಒಂದು ಸಮರ್ಥನೆಯಾದರೂ ಸಿಗುತ್ತಿತ್ತು. ನಿನ್ನೆ ರಾತ್ರಿ ಊಟಕ್ಕೆ ಬಡಿಸುತ್ತ ಹೆಂಡತಿ ಮಾಲಾ ತಲೆ ಎತ್ತದೆಯೇ ಹೇಳಿದ್ದಳು: “ಆ ಗೇರ್ ಯಾಕ ಮುಟ್ತೀರಿ? ಮಾವಾರು ಕುಂತ್ಕಂಡು ಬರ್ತಾರ, ಸಾಕಲ್ಲ.” ಅದು ಸುಳ್ಳಿನ ಮೇಲೆ ಕುಳಿತ ಹಾಗೆ ಎಂದು ಅವನು ಹೇಳಿದ್ದ. ಅವಳು ಸಾರಿನ ಪಾತ್ರೆಯ ಮುಚ್ಚಳ ಮುಚ್ಚಿದ್ದಳು, ಸ್ವಲ್ಪ ಗಟ್ಟಿಯಾಗಿ.

ಸಂಜೀವನ ಹುಟ್ಟೂರಿಗೆ ಇರುವುದು ಒಂದೇ ದಾರಿ. ಅಪ್ಪ ಅವ್ವ ಇರುವ ಕೆಳಗಿನ ಕೇರಿಯಿಂದ ಹೊರಟ ಕಾಂಕ್ರೀಟ್ ರಸ್ತೆ ಅಗಸಿಯ ಮೂಲಕ, ಎಂದರೆ ಬಾಗಿಲು ಹೋಗಿ ಕಲ್ಲಿನ ಕಂಬಗಳು ಮಾತ್ರ ಉಳಿದಿರುವ ಊರಬಾಗಿಲಿನ ಮೂಲಕ, ಒಳಹೊಕ್ಕು, ವೀರಭದ್ರಯ್ಯನವರ ಮನೆಯ ಮುಂದಿನ ಏರನ್ನು ಹತ್ತಿ, ಹುಣಸೆಮರದ ಹತ್ತಿರ ಕೊಟ್ಟೂರಿನ ಡಾಂಬರು ರಸ್ತೆಯನ್ನು ಸೇರುತ್ತದೆ. ಅಪ್ಪ, ಗಂಗಪ್ಪ, ವೀರಭದ್ರಯ್ಯನವರ ಮನೆಯಲ್ಲಿ ಎತ್ತು ಕಟ್ಟಿ ಬಂಡಿ ಹೊಡೆದು ಆಯುಷ್ಯ ಸವೆಸಿದವನು. ಆ ಬಂಡಿಯನ್ನು ತಾನೇ ಹೊಡೆಯುತ್ತಿದ್ದರೂ ಅಗಸಿಯ ಬಳಿ ಕೆಳಗೆ ಧುಮುಕಿ, ಚಪ್ಪಲಿಗಳನ್ನು ಕೈಗೆ ತೆಗೆದುಕೊಂಡು, ಎತ್ತುಗಳ ಪಕ್ಕದಲ್ಲಿ ನಡೆಯುತ್ತಿದ್ದ. ಹುಣಸೆಮರ ದಾಟಿದ ಮೇಲೆ ಮತ್ತೆ ಬಂಡಿಯ ಮುಂಭಾಗದ ಮೂಕಿಯ ಮೇಲೆ ಏರುತ್ತಿದ್ದ. ಖಾಲಿ ಬಂಡಿಯೊಳಗೆ ಕುಳಿತಿರುತ್ತಿದ್ದ ಸಂಜೀವನನ್ನೂ ಕಂಕುಳಿಗೆ ಕೈಹಾಕಿ ಇಳಿಸುತ್ತಿದ್ದ. ಮೊದಲ ಸಲ ಹವಾಯಿ ಚಪ್ಪಲಿ ಕೊಡಿಸಿದ್ದ ವರ್ಷ ಅವುಗಳನ್ನು ಎರಡು ಕಿವಿಗಳಿಗೂ ಹಿಡಿದುಕೊಂಡು ಕುಣಿಯುತ್ತ ಆ ಏರು ಹತ್ತಿದ್ದು, ಕಟ್ಟೆಯ ಮೇಲಿನವರು ಅದನ್ನು ಕಂಡು ನಕ್ಕದ್ದು, ಅಪ್ಪನೂ ಅವರೊಡನೆ ನಕ್ಕದ್ದು. ಆ ನಗು, ಆ ಒಂದು ನಗು, ಇಷ್ಟು ಓದಿದ ಮೇಲೂ, ಇಷ್ಟು ಭಾಷಣಗಳನ್ನು ಮಾಡಿದ ಮೇಲೂ ಎದೆಯೊಳಗೆ ಮುಳ್ಳಿನಂತೆ ಮುರಿದು ಕುಳಿತಿದೆ. ಇಳಿಯಬೇಕೆಂದು ಈಗ ಯಾರೂ ಹೇಳುವುದಿಲ್ಲ. ಹೇಳಿದರೆ ಕಾನೂನು ಇದೆ. ಆದರೆ ಹೇಳದೆಯೇ ನಡೆಯುವ ಅನ್ಯಾಯವನ್ನು ಯಾವ ಠಾಣೆಯಲ್ಲಿ ಬರೆಸಬೇಕು? ಕಾರು ಕೊಂಡು ತಂದ ಮೊದಲ ದಿನ ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಎತ್ತಿನ ಬೆನ್ನು ತಟ್ಟುವಂತೆ ತಟ್ಟಿ, ಮುಂದೆ ಕುಳಿತುಕೊಂಡಿದ್ದ. ಅಗಸಿ ಬಂದ ಕೂಡಲೆ ಬಾಗಿಲಿನ ಹಿಡಿಕೆಗೆ ಕೈಹಾಕಿದ್ದ.

ಹಾಗೆ ಇಳಿಸುವುದಕ್ಕೆ ನಿಲ್ಲಿಸಿದ ಎಷ್ಟನೆಯ ಸಲವೋ, ಏರಿನಲ್ಲಿ ಗೇರು ಕೂಡದೆ, ಗಾಡಿ ಹಿಂದಕ್ಕೆ ಜಾರಿ, ಬಂದ್ ಬಿದ್ದು, ಊರಿನ ನಾಲ್ಕು ಹುಡುಗರು ಬಂದು ತಳ್ಳಬೇಕಾಯಿತು. ಅವರು ತಳ್ಳುತ್ತಿದ್ದಾಗ ಅಪ್ಪ ಚಪ್ಪಲಿ ಹಿಡಿದ ಕೈಗಳನ್ನು ಹಾಗೆಯೇ ಜೋಡಿಸಿ, ಮೊಮ್ಮಕ್ಕಳ ವಯಸ್ಸಿನ ಆ ಹುಡುಗರಿಗೆ ತಪ್ಪಾಯಿತು ತಪ್ಪಾಯಿತು ಎನ್ನುತ್ತ ನಿಂತಿದ್ದ. ಮುಂದಿನ ಸಲ ಬಂದಾಗ ಸಂಜೀವ ಅಗಸಿ ಬರುವ ಮೊದಲೇ ಹೇಳಿದ: ಇಲ್ಲಿ ನಿಲ್ಲಿಸಿದರೆ ಗೇರು ಮತ್ತೆ ಕೂಡುವುದಿಲ್ಲ, ಮತ್ತೆ ಅವರೇ ಬಂದು ತಳ್ಳಬೇಕಾಗುತ್ತದೆ. ಹೇಳಿದ ದಿನ ಅದು ನಿಜವೇ ಆಗಿತ್ತು. ಅಪ್ಪ ಹಿಡಿಕೆಯಿಂದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನು ಹುಟ್ಟಿದಂದಿನಿಂದ ಮೊದಲ ಸಲ ಕುಳಿತುಕೊಂಡೇ ಆ ಮನೆಯ ಮುಂದೆ ಹಾದುಹೋದ. ಏರು ದಾಟುವ ತನಕ ಸಂಜೀವ ಉಸಿರನ್ನು ಬಿಟ್ಟಿರಲಿಲ್ಲ. ಆಮೇಲೆ ದಿನ ಕಳೆದಂತೆ ಅವನ ಕೈ ಆ ಗೇರಿನ ಮರ್ಮವನ್ನು ಕಲಿಯಿತು. ಕ್ಲಚ್ಚನ್ನು ಎರಡು ಸಲ ತುಳಿದು, ಕೋಲನ್ನು ತನ್ನ ಕಡೆಗೆ ಎಳೆದು ಮೇಲಕ್ಕೆ ನೂಕಿದರೆ ಏರಿನಲ್ಲಿಯೂ ಮೊದಲನೆಯದು ಸಿಕ್ಕೇ ಸಿಗುತ್ತಿತ್ತು. ಅದನ್ನು ಅವನು ಅಪ್ಪನಿಗೆ ಹೇಳಲಿಲ್ಲ. ನಿಜವಾಗಿದ್ದ ಮಾತೊಂದು ಹೀಗೆ ಯಾವ ದಿನವೆಂದು ಗೊತ್ತಾಗದಂತೆ ಸುಳ್ಳಾಯಿತು. ಈ ನಡುವೆ ಅಪ್ಪನ ಎದೆ ಸೋತಿತು. ನಾಲ್ಕು ಹೆಜ್ಜೆ ಹೋದರೆ ಏದುಸಿರು, ಸಂಜೆಗೆ ಕಾಲುಗಳಲ್ಲಿ ಬಾವು. ಹಗರಿಬೊಮ್ಮನಹಳ್ಳಿಯ ಡಾಕ್ಟರು ಗಾಳಿ ಊದಿದಷ್ಟು ಸುಲಭವಾಗಿ ಹೇಳಿದ್ದರು, ಬಿಸಿಲಲ್ಲಿ ನಡೆಸಬೇಡಿ, ಏರಂತೂ ಹತ್ತಿಸಲೇಬೇಡಿ, ಹೃದಯದಲ್ಲಿ ಬಲ ಉಳಿದಿಲ್ಲ. ಸುಳ್ಳು ಆಗ ಔಷಧವೂ ಆಯಿತು.

ಹಾಗೆಯೇ ಇದ್ದುಬಿಡುತ್ತಿತ್ತೇನೋ. ಆದರೆ ಹೋದ ಸಲ ಕಿಟಕಿಯ ಗಾಜು ಇಳಿದಿತ್ತು. ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ವೀರಭದ್ರಯ್ಯನವರು ಕುಳಿತಿದ್ದರು. ಅಪ್ಪ ಕುತ್ತಿಗೆಯನ್ನು ಹೊರಗೆ ಚಾಚಿ, ಕೈಜೋಡಿಸಿ, ಗಾಡಿಯ ಸದ್ದನ್ನು ಮೀರಿ ಕೇಳಲೆಂದು ಕೂಗಿ ಹೇಳಿದ: “ಗಾಡಿ ನಿಂದ್ರಂಗಿಲ್ರಿ ಅಯ್ನೋರ. ಗೇರ್ ಕೆಟ್ಟೈತಿ. ತಪ್ಪು ತಿಳೀಬ್ಯಾಡ್ರಿ.” ಪ್ರತಿ ಸಲವೂ ಹೀಗೆಯೇ ಹೇಳುತ್ತ ಬಂದಿದ್ದನೆ? ಗಾಜು ಏರಿಸಿದ್ದ ದಿನಗಳಲ್ಲಿ ಕಣ್ಣಿನಿಂದಲೇ ಹೇಳುತ್ತಿದ್ದನೆ? ತಾನು ಉಸಿರು ಬಿಗಿಹಿಡಿದು ಯಾವುದನ್ನು ಗೆಲುವೆಂದುಕೊಂಡಿದ್ದನೋ ಅದರ ಹೊಟ್ಟೆಯೊಳಗೆ ಇಂಥದ್ದೊಂದು ಕ್ಷಮಾಪಣೆ ಇತ್ತು. ಅದರ ಮೇಲೆ ಮೊನ್ನೆ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಶಾಲೆಯ ಇಬ್ಬರು ಸಹೋದ್ಯೋಗಿಗಳ ಮುಂದೆ, ವೀರಭದ್ರಯ್ಯನವರ ಮಗ ಗಂಗಾಧರ್ ಚಹಾದ ಲೋಟ ಹಿಡಿದು ಬಂದು ಎದುರಿಗೆ ಕುಳಿತ. ಒಂದೇ ಬೆಂಚಿನ ಮೇಲಲ್ಲದಿದ್ದರೂ ಒಂದೇ ತರಗತಿಯಲ್ಲಿ ಓದಿದವನು. ಈಗ ಗೊಬ್ಬರ ಬೀಜದ ಅಂಗಡಿ ಇಟ್ಟವನು.

“ಏನ್ರಿ ಮೇಷ್ಟ್ರ, ಗೇರ್ ಇನ್ನಾ ಸರಿ ಆಗಿಲ್ಲಂತ? ನಮ್ಮಪ್ಪ ಕೇಳ್ತಿದ್ದ. ಗಂಗಪ್ಪ ಪಾಪ, ಇಳಿಯಾಕ ಆಗದಂಗ ಕುಂತಿರ್ತಾನಂತ.”

ಮೇಷ್ಟ್ರಿಗೆ ಬಹುವಚನ, ಅವರ ತಂದೆಗೆ ಏಕವಚನ. ಸಹೋದ್ಯೋಗಿಗಳಿಗೆ ಏನೂ ಅರ್ಥವಾಗದೆ ಅವರು ಹಳೆಯ ಕಾರುಗಳ ಖರ್ಚಿನ ವಿಷಯ ತೆಗೆದರು. ಅಂದೇ ಸಂಜೀವ ನಿಶ್ಚಯಿಸಿದ. ಅಪ್ಪ ಕುಳಿತು ಹೋಗಬೇಕು. ಆದರೆ ಗೇರು ಕೆಟ್ಟಿದೆಯೆಂದಲ್ಲ. ಗೇರು ಸರಿಯಿದ್ದು, ಗಾಡಿ ಎಲ್ಲಿ ಬೇಕಾದರೂ ನಿಲ್ಲುವಂತಿದ್ದು, ನಿಲ್ಲದೆ, ಕುಳಿತು ಹೋಗಬೇಕು. ಸುಳ್ಳಿನ ಮೇಲೆ ಕುಳಿತ ಮನುಷ್ಯ ನಿಂತ ಮನುಷ್ಯನಿಗಿಂತಲೂ ಕೆಳಗಿರುತ್ತಾನೆ. ಈ ವಾಕ್ಯ ಹೊಳೆದಾಗ ಅವನಿಗೆ ಅದರ ರಚನೆಯ ಬಗ್ಗೆ ಸಂತೋಷವೂ ಆಗಿತ್ತು. ಈಗ ಬೇವಿನ ಕೆಳಗೆ ಕುಳಿತು ನೆನೆದಾಗ ಆ ಸಂತೋಷ ಸ್ವಲ್ಪ ಹೇಸಿಗೆಯನ್ನುಂಟುಮಾಡಿತು.

ಬೀರಲಿಂಗೇಶ ಹೊಸ ಬುಷ್‌ಗಳನ್ನು ಕೂಡಿಸಿ, ಗ್ರೀಸ್ ಹಚ್ಚಿ, ಬೋಲ್ಟು ಬಿಗಿದು, ಕೈ ಒರೆಸಿಕೊಳ್ಳುತ್ತ ಕೀಲಿಯನ್ನು ಕೊಟ್ಟ. ಶಾಲೆಯ ಹುಡುಗರು ನಿಮ್ಮ ಮಾತು ಕೇಳುತ್ತಾರೋ ಇಲ್ಲವೋ, ಇನ್ನು ಇದಂತೂ ಕೇಳುತ್ತದೆ ಎಂದ. ಕೇಳಿತು. ಕೊಟ್ಟೂರು ದಾಟುವಷ್ಟರಲ್ಲಿಯೇ ಸಂಜೀವನ ಕೈಗೆ ಅದರ ರುಚಿ ಹತ್ತಿತು. ಒಂದು, ಎರಡು, ಮೂರು: ಪ್ರತಿಯೊಂದಕ್ಕೂ ಅದರದೇ ಆದ ಒಂದು ಮನೆ, ಒಂದು ಸಣ್ಣ ಸದ್ದು. ಅನುಮಾನಕ್ಕೆ ಎಡೆಯಿಲ್ಲ, ತಡಕಾಟವಿಲ್ಲ. ಲೋಕದಲ್ಲಿ ಒಂದು ವಸ್ತುವಾದರೂ ಇರಬೇಕಾದ ಜಾಗದಲ್ಲಿ ಇದೆ ಎನ್ನುವುದು ಇಷ್ಟು ಸುಖ ಕೊಡುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಕೊಯ್ಲಾದ ಮೆಕ್ಕೆಜೋಳದ ಹೊಲಗಳು ಎರಡೂ ಕಡೆ ಬಿಳಿಚಿಕೊಂಡು ಬಿದ್ದಿದ್ದವು. ರಸ್ತೆಯ ಮೇಲೆ ಬಿಸಿಲು ನೀರಿನಂತೆ ಹರಿಯುತ್ತಿತ್ತು. ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ಅವನು ಗಟ್ಟಿಯಾಗಿಯೇ ಹೇಳಿಕೊಂಡು ನೋಡಿದ. ಮೂರನೆಯ ಸಲಕ್ಕೆ ಅವು ಭಾಷಣದಂತೆ ಕೇಳಿಸಿದವು.

ಕೇರಿಯಲ್ಲಿ ಅಪ್ಪ ಆಗಲೇ ಬಿಳಿಯ ಅಂಗಿ ತೊಟ್ಟು, ಟವೆಲ್ ಹೆಗಲಿಗೆ ಹಾಕಿ, ಬಾಗಿಲಲ್ಲಿ ಕುಳಿತಿದ್ದ. ಸಂಜೆ ಡಾಕ್ಟರನ್ನು ಕಂಡು, ರಾತ್ರಿ ಮಗನ ಮನೆಯಲ್ಲಿದ್ದು ಬರುವುದೆಂದಿತ್ತು. ಅವ್ವ ದುರುಗಮ್ಮ ರೊಟ್ಟಿಯ ಗಂಟನ್ನು ಹಿಂದಿನ ಸೀಟಿನಲ್ಲಿಟ್ಟು, ರಾತ್ರಿಯೆಲ್ಲ ಕುಳಿತೇ ಕಳೆದಿದ್ದಾನೆ, ಮಲಗಿದರೆ ಉಸಿರು ಹಿಡಿಯುತ್ತದೆ, ನಡೆಸಬೇಡ ಎಂದಳು. ತಾನು ಬರುವುದಿಲ್ಲವೆಂದೂ, ಮೇಕೆ ಈಯುವುದರಲ್ಲಿದೆಯೆಂದೂ ಹೇಳಿದಳು. ಅಪ್ಪ ಮಗನಿಗೆ ಮುಖ ತೋರಿಸದೆ ಕಾರಿನ ಒಳಗೆ ಕುಳಿತ. ಕುಳಿತುಕೊಳ್ಳುವಷ್ಟಕ್ಕೇ ಅವನ ಹೆಗಲುಗಳು ಎದ್ದು ಬೀಳುತ್ತಿದ್ದವು. ಗಾಡಿ ಹೊರಟಿತು. ಒಂದರಿಂದ ಎರಡಕ್ಕೆ ಬಂದಾಗ ಅಪ್ಪ ಕತ್ತನ್ನು ಸ್ವಲ್ಪ ವಾಲಿಸಿದ. ಕತ್ತಲಲ್ಲಿ ಗಂಟೆಯ ಸದ್ದಿನಿಂದಲೇ ಯಾವ ಎತ್ತು ಕುಂಟುತ್ತಿದೆ ಎಂದು ಹೇಳುತ್ತಿದ್ದವನು ಅವನು.

“ಸದ್ದು ಬ್ಯಾರೆ ಐತಲ್ಲ,” ಎಂದ.

ಸಂಜೀವ ಅಣಿಮಾಡಿಕೊಂಡಿದ್ದ ಮಾತುಗಳೆಲ್ಲ ಎಲ್ಲಿಯೋ ಚೆದುರಿದವು. ಗೇರು ಮಾಡಿಸಿದೆ, ಈಗ ಸರಿಯಾಗಿದೆ ಎಂದಷ್ಟೇ ಹೇಳಿದ. ಆಮೇಲೆ ಸಾಲದೆನ್ನಿಸಿ, ಇನ್ನು ಮೇಲೆ ಯಾರಿಗೂ ಏನನ್ನೂ ಹೇಳಬೇಕಾದ್ದಿಲ್ಲ, ನೀನು ಕುಳಿತಿರುವುದು ನಿನ್ನ ಮಗನ ಗಾಡಿಯಲ್ಲಿ, ಅದಕ್ಕೆ ಕಾರಣ ಬೇಕಿಲ್ಲ ಎಂದೂ ಸೇರಿಸಿದ. ಮುಂದೆ ಅಗಸಿಯ ಕಂಬಗಳು ಕಾಣಿಸಿದವು. ಕಂಬಕ್ಕೆ ಯಾರೋ ಯಾವುದೋ ಚುನಾವಣೆಯ ಚೀಟಿ ಅಂಟಿಸಿ, ಮಳೆಗೆ ಅದು ಅರ್ಧ ಸುಲಿದು, ಅರ್ಧ ಮುಖವೊಂದು ಮಾತ್ರ ನಗುತ್ತಿತ್ತು.

“ನಿಂದ್ರಸು.”

“ಯಪ್ಪಾ, ಡಾಕ್ಟ್ರು ಏನಂದಾರ?”

“ಡಾಕ್ಟ್ರು ಈ ಊರಾಗಿಲ್ಲ. ನಿಂದ್ರಸು.”

“ಯಾರೂ ಏನೂ ಅನ್ನಂಗಿಲ್ಲ.”

“ಅನ್ನಂಗಿಲ್ಲ. ಕೇಳ್ತಾರ. ಕೇಳಿದ್ರ ನಾ ಏನ್ ಹೇಳ್ಲಿ?” ಅಪ್ಪ ಉಸಿರಿಗಾಗಿ ತಡೆದ. ಆಮೇಲೆ ಗಾಜಿನ ಆಚೆಗೆ ನೋಡುತ್ತ, ಸಿಟ್ಟಿಲ್ಲದೆ, ಒಡೆದ ಗಡಿಗೆಯ ಬಗ್ಗೆ ಮಾತಾಡುವಂತೆ ಹೇಳಿದ: “ಕೆಟ್ಟಿದ್ದ ಚಲೋ ಇತ್ತು. ಯಾಕ ಮಾಡ್ಸಿದೆಲೇ?”

ಸಂಜೀವನ ಕಾಲು ತನಗೆ ತಾನೇ ಬ್ರೇಕಿನ ಮೇಲೆ ಹೋಯಿತು. ಹಾಗಾದರೆ ಅಪ್ಪನಿಗೆ ಗೊತ್ತಿತ್ತು. ಕೊಟ್ಟೂರಿನ ಸಂತೆಯ ಗದ್ದಲದಲ್ಲಿ, ರೈಲ್ವೆ ಗೇಟಿನ ಮುಂದೆ, ಆಸ್ಪತ್ರೆಯ ಹತ್ತಿರದ ದಿಬ್ಬದಲ್ಲಿ ನಿಂತು ನಿಂತು ಹೊರಟಾಗಲೆಲ್ಲ ಪಕ್ಕದಲ್ಲಿಯೇ ಕುಳಿತಿದ್ದವನು. ಎರಡು ಸಲ ತುಳಿದು, ಎಳೆದು, ನೂಕುವ ಮಗನ ಕೈಯನ್ನು ಕಂಡವನು. ನಿಲ್ಲಿಸಿದರೂ ಹೊರಡುತ್ತದೆ ಎನ್ನುವುದು ಅವನಿಗೆ ಸಂಜೀವನಷ್ಟೇ ಗೊತ್ತಿತ್ತು. ಗೊತ್ತಿದ್ದೂ, ಕೂಗಿ ಕ್ಷಮೆ ಕೇಳುತ್ತ, ಆ ಸವೆದ ಕೀಲಿನ ಮರೆಯಲ್ಲಿ ಕುಳಿತು, ಅವನು ಆ ಮನೆಯ ಮುಂದೆ ಹಾದುಹೋಗುತ್ತಿದ್ದ. ಹೋಗುವುದಕ್ಕೆ ಅವನಿಗೂ ಮನಸ್ಸಿತ್ತು! ಇಬ್ಬರೂ ಬಾಯಿಬಿಡದೆ ಜೊತೆಯಾಗಿ ಹೊತ್ತುಕೊಂಡಿದ್ದ ಒಂದು ಸುಳ್ಳನ್ನು, ಸತ್ಯದ ಹೆಸರಿನಲ್ಲಿ, ತಾನೊಬ್ಬನೇ ನಿರ್ಧರಿಸಿ, ಒಬ್ಬನೇ ಹೋಗಿ ಕೊಟ್ಟೂರಿನಲ್ಲಿ ಕೀಳಿಸಿಕೊಂಡು ಬಂದಿದ್ದ. ಅಪ್ಪನಿಗೆ ಉಳಿದಿದ್ದ ಒಂದು ಮಾತನ್ನು ಕಿತ್ತುಕೊಂಡು, ಅದರ ಜಾಗದಲ್ಲಿ ಒಂದು ಭಾಷಣವನ್ನು ಇಟ್ಟಿದ್ದ. ಅದನ್ನು ಹೇಳುವಷ್ಟು ಉಸಿರು ಆ ಎದೆಯಲ್ಲಿ ಇರಲಿಲ್ಲ.

ಬಾಗಿಲು ತೆರೆದುಕೊಂಡಿತು. ಅಪ್ಪ ಒಂದೊಂದಾಗಿ ಕಾಲುಗಳನ್ನು ಕೆಳಗಿಟ್ಟ. ಬಾವು ಬಂದ ಕಾಲಿಗೆಂದು ಸಂಜೀವ ತಂದುಕೊಟ್ಟಿದ್ದ ಅಗಲ ಪಟ್ಟಿಯ ಚಪ್ಪಲಿಗಳನ್ನು ಬಿಚ್ಚಿ ಕೈಗೆತ್ತಿಕೊಂಡ. “ಹುಣಸಿಮರದತ್ರ ನಿಂದ್ರು, ಬರ್ತೀನಿ,” ಎಂದು ಹೊರಟ. ನಡೆಯುವ ತಂದೆಯನ್ನು ದಾಟಿ ಗಾಡಿ ಓಡಿಸುವುದಕ್ಕೆ ಸಂಜೀವನಿಗೆ ಆಗಲಿಲ್ಲ. ಮೊದಲನೆಯ ಗೇರಿನಲ್ಲಿ ಹಿಂದೆಯೇ ಬಿಟ್ಟ. ಮೊದಲಾಗಿದ್ದರೆ ಇಷ್ಟು ನಿಧಾನಕ್ಕೆ ಗೇರು ಕಳಚಿ ಗಾಡಿ ಬಂದ್ ಬೀಳುತ್ತಿತ್ತು. ಈಗ ಅದು ಸಾಧುಪ್ರಾಣಿಯಂತೆ, ಅಪ್ಪನ ಹೆಜ್ಜೆಯ ಅಳತೆಗೆ ಸರಿಯಾಗಿ, ಒಂದಿಷ್ಟೂ ಅಲುಗದೆ ತೆವಳಿತು. ಕಾಂಕ್ರೀಟು ಹೆಂಚಿನಂತೆ ಕಾದಿತ್ತು. ಅಪ್ಪ ಪಾದಗಳ ಅಂಚನ್ನಷ್ಟೇ ಊರುತ್ತ ನಡೆಯುತ್ತಿದ್ದ. ಜಗುಲಿಯೊಂದರ ಮೇಲೆ ಬೀಡಿ ಹಚ್ಚುತ್ತಿದ್ದ ಪಾಲಾಕ್ಷಪ್ಪನೆಂಬ ಮುದುಕ, ಮುಂದೆ ನಡೆಯುವವನನ್ನೂ ಹಿಂದೆ ತೆವಳುವ ಕಾರನ್ನೂ ನೋಡಿ, ಏನಿದು ಮೆರವಣಿಗೆ ಎಂದು ಯಾರನ್ನೋ ಕೇಳಿದ. ಅಪ್ಪ ಅದನ್ನು ಕೇಳಿಸಿಕೊಂಡು ತಿರುಗಿ, ಹೋಗು ಹೋಗು ಎಂದು ಮಗನಿಗೆ ಕೈಬೀಸಿದ. ಸಂಜೀವ ಹೋದ. ಕ್ಲಾಸಿನಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಿದರೂ ಈ ಬೀದಿಯಲ್ಲಿ ತಂದೆಯ ಕೈ ಬೀಸಿದತ್ತ ಹೋಗುವ ಹುಡುಗನೇ ಅವನು. ಹುಣಸೆಮರದ ನೆರಳಿನಲ್ಲಿ ನಿಲ್ಲಿಸಿ ಕನ್ನಡಿಯನ್ನು ನೋಡಿದ.

ಕನ್ನಡಿಯಲ್ಲಿ ಅಪ್ಪ ಬಹಳ ಚಿಕ್ಕವನಾಗಿದ್ದ. ವೀರಭದ್ರಯ್ಯನವರ ಕಟ್ಟೆಯ ಮುಂದೆ ಬಂದು ನಿಂತ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಮಧ್ಯಾಹ್ನದ ನಿದ್ದೆಗೆ ಮನೆಯ ಬಾಗಿಲು ಮುಚ್ಚಿತ್ತು. ಬಿಸಿಲಿಗೆ ಬಣ್ಣ ಹೋದ ಪ್ಲಾಸ್ಟಿಕ್ ಕುರ್ಚಿ ಬರಿದಾಗಿ ಬೀದಿಗೆ ಮುಖ ಮಾಡಿ ಕುಳಿತಿತ್ತು. ಅಪ್ಪ ಚಪ್ಪಲಿಗಳನ್ನು ಕಂಕುಳಲ್ಲಿ ಇರುಕಿಕೊಂಡು, ಆ ಕುರ್ಚಿಗೆ ಕೈಮುಗಿದ. ಮತ್ತೆ ಎರಡು ಹೆಜ್ಜೆ ಇಟ್ಟ. ಹಿಡಿದುಕೊಳ್ಳುವುದಕ್ಕೆ ಏನನ್ನೋ ಹುಡುಕುತ್ತಿದ್ದ ಅವನ ಕೈ ಕಟ್ಟೆಯ ಅಂಚಿನವರೆಗೆ ಹೋಗಿ, ಅದನ್ನು ಮುಟ್ಟದೆ, ಹಿಂದಕ್ಕೆ ಬಂತು. ಆಮೇಲೆ ಅವನು ನಿಧಾನವಾಗಿ, ಬಹಳ ಜಾಗ್ರತೆಯಿಂದ, ಕಟ್ಟೆಯ ಕೆಳಗಿನ ನೆಲದ ಮೇಲೆ ಕುಳಿತುಬಿಟ್ಟ.

ಏಳಲಿಲ್ಲ.

ಸಂಜೀವ ಕೋಲನ್ನು ಬಲಕ್ಕೆ ಒತ್ತಿ ಕೆಳಕ್ಕೆ ಎಳೆದ. ವರ್ಷಗಳಿಂದ ಸಿಗದಿದ್ದ ಹಿಂದಿನ ಗೇರು ಒಂದೇ ಸಲಕ್ಕೆ ಕೂಡಿತು. ಕತ್ತು ತಿರುಗಿಸಿಕೊಂಡು ಏರಿನಿಂದ ಕೆಳಕ್ಕೆ ಗಾಡಿಯನ್ನು ಹಿಮ್ಮೆಟ್ಟಿಸಿದ. ಹಿಂದಿನ ಗಾಜಿನಲ್ಲಿ ಅಪ್ಪ ಹತ್ತಿರವಾಗುತ್ತ ಬಂದ. ನೆಲದ ಮೇಲೆ ಕುಳಿತೇ ಒಂದು ಕೈಯನ್ನು ಎತ್ತಿದ್ದ. ನೋವಿಗೆ ಎತ್ತಿದ್ದಾನೆಂದು, ಕರೆಯುತ್ತಿದ್ದಾನೆಂದು ಸಂಜೀವ ಅಂದುಕೊಂಡ. ಇನ್ನೂ ಸಮೀಪಿಸಿದಾಗ ಆ ಕೈಯ ಅರ್ಥವಾಯಿತು. ಬರಲಿ, ಬರಲಿ, ಎಡಕ್ಕೆ, ಹಾಂ ಸಾಕು: ಬಂಡಿಯನ್ನು ಹಿಂದಕ್ಕೆ ಸರಿಸಿ ಈ ಮನೆಯ ಅಂಗಳಕ್ಕೆ ಸೇರಿಸುತ್ತಿದ್ದಾಗ ಎತ್ತುಗಳಿಗೆ ತೋರಿಸುತ್ತಿದ್ದ ಕೈ ಅದು. ಉಸಿರಿಗೆ ಬಾಯಿ ತೆರೆದುಕೊಂಡು, ತುಟಿ ನೀಲಿಯಾಗಿ, ಅಪ್ಪ ಗಾಡಿಗೆ ದಾರಿ ತೋರಿಸುತ್ತಿದ್ದ. ಇಳಿದು ಓಡಿಬಂದ ಮಗನಿಗೆ ಅವನು ಮೊದಲು ಹೇಳಿದ್ದು, “ಅಯ್ನೋರ ಕಟ್ಟಿಗೆ ತಾಗಿಲ್ಲಲ್ಲ?”

ಸದ್ದಿಗೆ ಬಾಗಿಲು ತೆರೆದು ಗಂಗಾಧರ್ ಹೊರಗೆ ಬಂದ. ಲುಂಗಿಯನ್ನು ಮೇಲಕ್ಕೆ ಕಟ್ಟಿ, ಅಪ್ಪನ ಕಾಲುಗಳಿಗೆ ಕೈಹಾಕಿದ. ಇಬ್ಬರೂ ಸೇರಿ ಎತ್ತಿ ಹಿಂದಿನ ಸೀಟಿನಲ್ಲಿ, ರೊಟ್ಟಿಯ ಗಂಟಿಗೆ ಬೆನ್ನು ಆನಿಸಿ ಕೂರಿಸಿದರು. ಅವನು ಒಳಗೆ ಓಡಿ ನೀರು ತಂದ, ಕಾಗದದ ಲೋಟದಲ್ಲಿ. ಕೈಗೆ ಸಿಕ್ಕಿದ್ದು ಅದೊಂದೇ ಇರಬಹುದು. ಇರದೆಯೂ ಇರಬಹುದು. ಈ ಊರಿನಲ್ಲಿ ಒಂದು ಲೋಟ ನೀರನ್ನು ಕೂಡ ಅನುಮಾನವಿಲ್ಲದೆ ಕುಡಿಯಲಾರದಂತೆ ಮಾಡಿದವರು ಯಾರು? ಅಪ್ಪ ಒಂದು ಗುಟುಕನ್ನು ಬಾಯಲ್ಲಿ ಹಿಡಿದುಕೊಂಡು, ನುಂಗಲಾರದೆ, ಅಂಗಿಯ ಮೇಲೆ ಬಿಟ್ಟುಕೊಂಡ. ಗಂಗಾಧರನ ಮುಖದಲ್ಲಿ ಹೋಟೆಲಿನ ನಗು ಇರಲಿಲ್ಲ. ಅವನು ನಿಜವಾಗಿಯೇ ಗಾಬರಿಯಾಗಿದ್ದ, ಅದರಿಂದ ಧ್ವನಿಯಲ್ಲಿ ಸಿಟ್ಟೂ ಇತ್ತು.

“ಏನ್ರಿ ಮೇಷ್ಟ್ರ, ಗಾಡಿ ಇಟ್ಕೊಂಡು ಈ ಬಿಸಿಲಾಗ ಮುದುಕನ್ನ ಯಾಕ ನಡಸಿದ್ರಿ?”

ಉತ್ತರ ಸಿದ್ಧವಾಗಿತ್ತು. ಎಷ್ಟೋ ವರ್ಷಗಳಿಂದ ಸಿದ್ಧವಾಗಿತ್ತು. ನಿಮ್ಮ ಮನೆಯ ಮುಂದೆ ಅವನು ಕುಳಿತು ಹೋಗಬಾರದೆಂದು, ನಿಮ್ಮ ತಂದೆ ಕೇಳಿದರೆ ಹೇಳುವುದಕ್ಕೆ ಅವನ ಬಳಿ ನೆಪ ಇಲ್ಲದೆ ಹೋಯಿತೆಂದು, ನೀವು ಹೋಟೆಲಿನಲ್ಲಿ ಆಡಿದ ಒಂದು ಹಾಸ್ಯಕ್ಕೆ ಇದು ಬೆಲೆಯೆಂದು. ಒಂದು ಅಕ್ಷರವೂ ತಪ್ಪದ, ಪೂರ್ಣವಿರಾಮದವರೆಗೆ ಸರಿಯಾದ ವಾಕ್ಯಗಳು. ಇಂಥದ್ದೊಂದು ಪ್ರಶ್ನೆಯನ್ನು ಇಂಥದ್ದೊಂದು ಜಾಗದಲ್ಲಿ ಇವರೇ ಬಾಯಿಬಿಟ್ಟು ಕೇಳಲೆಂದು ಅವನು ಆಯುಷ್ಯವಿಡೀ ಕಾದಿದ್ದ. ಬಾಯಿ ತೆರೆದ. ಹಿಂದಿನ ಸೀಟಿನಿಂದ ಅಪ್ಪ ಅವನನ್ನೇ ನೋಡುತ್ತಿದ್ದ. ಎದೆ ಬುಸುಗುಡುತ್ತಿತ್ತು, ಮಾತು ಬರುವಂತಿರಲಿಲ್ಲ, ಕಣ್ಣುಗಳು ಮಾತ್ರ, ತಳ್ಳುವ ಹುಡುಗರ ಮುಂದೆ ಜೋಡಿಸಿದ್ದ ಕೈಗಳ ಹಾಗೆ, ಮಗನ ಮುಂದೆ ಜೋಡಿಸಿಕೊಂಡು ನಿಂತಿದ್ದವು.

“ಗೇರ್ ಕೆಟ್ಟೈತಿ,” ಎಂದ ಸಂಜೀವ.

ಅಪ್ಪ ಕಣ್ಣು ಮುಚ್ಚಿದ. ಬಿಸಿಲಿನಲ್ಲಿ ನಡೆದು ಬಂದವನು ನೆರಳಿಗೆ ಸೇರಿದಂತೆ. ಇಂಥ ಗಾಡಿ ಯಾಕೆ ಇಟ್ಟುಕೊಂಡಿದ್ದೀರಿ, ಮಾರಿಬಿಡಿ, ಈಗ ಹೊರಡುತ್ತದೋ ಇಲ್ಲವೋ ಎಂದು ಗಂಗಾಧರ್ ಕಿಟಕಿ ಹಿಡಿದು ಬಗ್ಗಿದ. ಒಳಗಿನಿಂದ ಕೋಲೂರುವ ಸದ್ದು ಕೇಳಿಸಿತು. ವೀರಭದ್ರಯ್ಯನವರು ಹೊಸಿಲಿಗೆ ಬಂದು, ಯಾರದು ಎಂದು ಕೇಳಿದರು. ಸಂಜೀವ ಕುಳಿತು ಕೀಲಿ ತಿರುಗಿಸಿದ. ಕಿಟಕಿಯಿಂದ ಗಂಗಾಧರನೂ ಹೊಸಿಲಿನಿಂದ ವೀರಭದ್ರಯ್ಯನವರೂ ಅವನ ಕೈಯನ್ನೇ ನೋಡುತ್ತಿದ್ದರು. ಅವನು ಕೋಲನ್ನು ಹಿಡಿದು, ಹಿಂದೆ ಮಾಡುತ್ತಿದ್ದಂತೆಯೇ ಅತ್ತ ಇತ್ತ ತಡಕಿದ. ಮೊದಲನೆಯದರ ಹತ್ತಿರ ಒಯ್ದು ಹಿಂದಕ್ಕೆ ತಂದ. ಕ್ಲಚ್ಚನ್ನು ಅರ್ಧಕ್ಕೇ ಬಿಟ್ಟು ಹಲ್ಲು ಕಡಿಯುವ ಸದ್ದು ಬರಿಸಿದ. ಬೆನ್ನ ಹಿಂದೆ ಅಪ್ಪನ ಉಸಿರು ಒಂದು ಎಳೆಗೂ ಇನ್ನೊಂದು ಎಳೆಗೂ ನಡುವೆ ಹೆಚ್ಚು ಹೆಚ್ಚು ಜಾಗ ಬಿಡುತ್ತಿತ್ತು. ಮತ್ತೊಮ್ಮೆ ತಡಕಿದ. ಹೊಸ ಕೀಲಿನ ಕೋಲು, ಮುಟ್ಟಿದರೆ ಸಾಕು, ತನ್ನ ಜಾಗಕ್ಕೆ ಹೋಗಿ ಕೂಡುವುದಕ್ಕೆ ಎಳೆಯುತ್ತಿತ್ತು. ಅದನ್ನು ಕೂಡದಂತೆ ಹಿಡಿದಿರುವುದಕ್ಕೆ ಅವನ ಕೈಯ ಬಲವೆಲ್ಲ ಬೇಕಾಯಿತು.